ಉತ್ಪಾದಕರ ಹೊಣೆ: ಹಸಿರು ಚುಕ್ಕೆಯಿಂದ ಪ್ರಮಾಣಪತ್ರದವರೆಗೆ

ಕಾರ್ಖಾನೆಯ ಹೊಗೆಗೂ ಕೊಳಚೆ ನೀರಿಗೂ ಕಾರ್ಖಾನೆಯವರೇ ಹೊಣೆ. ಗೇಟು ದಾಟಿ ಮಾರಾಟವಾದ ಸರಕು ಹಳತಾದ ಮೇಲೆ ಅದು ಪುರಸಭೆಯ ತಲೆನೋವು. ಪರಿಸರ ಕಾನೂನು ಬಹುಕಾಲ ನಡೆದದ್ದು ಹೀಗೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಥಾಮಸ್ ಲಿಂಡ್‌ಕ್ವಿಸ್ಟ್ 1990ರಲ್ಲಿ ಅಲ್ಲಿನ ಪರಿಸರ ಸಚಿವಾಲಯಕ್ಕೆ ಸಲ್ಲಿಸಿದ ವರದಿಯಲ್ಲಿ ‘ಉತ್ಪಾದಕರ ವಿಸ್ತೃತ ಹೊಣೆಗಾರಿಕೆ’ ಎಂಬ ತತ್ತ್ವವನ್ನು ಮುಂದಿಟ್ಟರು. ವಿಲೇವಾರಿಯ ಖರ್ಚು ತನ್ನ ಲೆಕ್ಕಕ್ಕೇ ಬರುವುದಾದರೆ ಕಂಪನಿ ಬಿಚ್ಚಲು ಸುಲಭವಾದ, ವಿಷ ಕಡಿಮೆಯಿರುವ ಸರಕನ್ನೇ ತಯಾರಿಸುತ್ತದೆ ಎಂಬುದು ಅದರ ಜೀವಾಳ. ಮುಂದಿನ ಮೂರು ದಶಕಗಳಲ್ಲಿ ಕಾನೂನು ಹಬ್ಬಿತು, ಆದರೆ ಈ ಜೀವಾಳ ಸೊರಗಿತು ಎಂಬುದು ಈ ಲೇಖನದ ನಿಲುವು.

ಮೊದಲ ದೊಡ್ಡ ಪ್ರಯೋಗ ನಡೆದದ್ದು ಜರ್ಮನಿಯಲ್ಲಿ. ಕಸ ಹೂಳುವ ಜಾಗಗಳು ತುಂಬುತ್ತಿದ್ದಾಗ, ಪರಿಸರ ಸಚಿವ ಕ್ಲಾಸ್ ಟಾಪ್ಫರ್ 1991ರಲ್ಲಿ ಪ್ಯಾಕೇಜಿಂಗ್ ಕಟ್ಟಳೆ ತಂದರು. ಟೂತ್‌ಪೇಸ್ಟ್ ಕೊಂಡ ಗ್ರಾಹಕ ಟ್ಯೂಬನ್ನಷ್ಟೇ ಜೇಬಿಗಿಳಿಸಿ ಹೊರಗಿನ ರಟ್ಟಿನ ಡಬ್ಬಿಯನ್ನು ಅಂಗಡಿಯಲ್ಲೇ ಬಿಟ್ಟು ಹೋಗಬಹುದಾಯಿತು. ಡಬ್ಬಿಯ ಗೊಡವೆ ಅಂಗಡಿಯವನಿಗೆ, ಅವನ ಒತ್ತಡ ಕಂಪನಿಗೆ. ಬಳಸಿದ ಪ್ಯಾಕೆಟ್ಟುಗಳನ್ನು ಮರಳಿ ಸಂಗ್ರಹಿಸಲು ಕಂಪನಿಗಳೇ ಸೇರಿ ಒಂದು ಸಂಸ್ಥೆ ಕಟ್ಟಿದವು; ಶುಲ್ಕ ತೆತ್ತವರ ಪ್ಯಾಕೆಟ್ಟಿನ ಮೇಲೆ ‘ಹಸಿರು ಚುಕ್ಕೆ’ ಬಂತು, ಮನೆಗಳಿಗೆ ಹಳದಿ ಚೀಲ ಬಂತು. ಜನ ಎಷ್ಟು ಶ್ರದ್ಧೆಯಿಂದ ವಿಂಗಡಿಸಿದರೆಂದರೆ ಸಂಸ್ಕರಿಸುವ ಶಕ್ತಿಗಿಂತ ಸಂಗ್ರಹವೇ ಹೆಚ್ಚಾಯಿತು. ಚುಕ್ಕೆ ಹಾಕಿಕೊಂಡೂ ಶುಲ್ಕ ಕಟ್ಟದವರು ಬೇರೆ. 1993ರಲ್ಲಿ ಸಂಸ್ಥೆ ದಿವಾಳಿಯ ಅಂಚಿಗೆ ಬಂತು. ಜರ್ಮನ್ ಪ್ಯಾಕೆಟ್ಟುಗಳು ಹೊರದೇಶಗಳ ಕಸದ ರಾಶಿಯಲ್ಲಿ ಸಿಕ್ಕವು. ಇಷ್ಟಾದರೂ, ತೂಕ ಮತ್ತು ವಸ್ತುವನ್ನು ನೋಡಿ ಶುಲ್ಕ ವಿಧಿಸಿದ್ದರಿಂದ ಆ ವರ್ಷಗಳಲ್ಲಿ ಪ್ಯಾಕೇಜಿಂಗ್ ಬಳಕೆ ತಗ್ಗಿತು. ಲಿಂಡ್‌ಕ್ವಿಸ್ಟ್ ಹೇಳಿದ್ದು ನಡೆಯುವ ಮಾತೇ ಎಂಬುದಕ್ಕೆ ನನಗೆ ಕಾಣುವ ಗಟ್ಟಿ ಸಾಕ್ಷ್ಯ ಇದು.

ಈ ತತ್ತ್ವ ಪ್ಯಾಕೇಜಿಂಗ್ ದಾಟಿ ಉಪಕರಣಗಳಿಗೂ ಹಬ್ಬಿತು. ಜಪಾನಿನ ಗೃಹೋಪಕರಣ ಮರುಬಳಕೆ ಕಾನೂನು 2001ರಲ್ಲಿ ಜಾರಿಯಾಯಿತು. ಯುರೋಪಿನ ಒಕ್ಕೂಟ 2003ರಲ್ಲಿ ಇ-ತ್ಯಾಜ್ಯದ ನಿರ್ದೇಶನ ಹೊರಡಿಸಿತು.

ಭಾರತದಲ್ಲಿ ಈ ಚಿಂತನೆಯ ಮೊದಲ ಸುಳಿವು 2001ರ ಬ್ಯಾಟರಿ ನಿಯಮಗಳಲ್ಲಿದೆ. ಹಳೇ ಬ್ಯಾಟರಿ ಕೊಟ್ಟರೆ ಹೊಸದರ ಬೆಲೆಯಲ್ಲಿ ಕಡಿತ ಸಿಗುತ್ತದೆ, ಏಕೆಂದರೆ ಸೀಸಕ್ಕೆ ಗುಜರಿಯಲ್ಲಿ ಬೆಲೆಯಿದೆ. ಬೆಲೆಯೇ ಇಲ್ಲದ ಶಾಂಪೂ ಸ್ಯಾಶೆಗೆ, ಚಿಪ್ಸ್ ಪೊಟ್ಟಣಕ್ಕೆ ಕಾನೂನಿನ ಬಲ ನಿಜವಾಗಿ ಬೇಕು. 2011ರ ಇ-ತ್ಯಾಜ್ಯ ನಿಯಮಗಳು ಹೊಣೆಯನ್ನು ಹೆಸರಿಸಿದವು, ಗುರಿ ಕೊಡಲಿಲ್ಲ. ಗುರಿ ಬಂದದ್ದು 2016ರ ನಿಯಮಗಳಲ್ಲಿ. 2022ರಲ್ಲಿ ಪ್ಲಾಸ್ಟಿಕ್, ಬ್ಯಾಟರಿ, ಇ-ತ್ಯಾಜ್ಯ ಮೂರಕ್ಕೂ ಪ್ರಮಾಣಪತ್ರದ ಪದ್ಧತಿ ಬಂತು: ಮರುಬಳಕೆದಾರ ಸಂಸ್ಕರಿಸಿದ ತೂಕಕ್ಕೆ ಪೋರ್ಟಲ್‌ನಲ್ಲಿ ಪ್ರಮಾಣಪತ್ರ ಪಡೆಯುತ್ತಾನೆ, ಕಂಪನಿ ಅದನ್ನು ಕೊಂಡು ಲೆಕ್ಕ ಚುಕ್ತಾ ಮಾಡುತ್ತದೆ. ಬಿಚ್ಚಲು ಬರುವ ಫೋನಿಗೂ ಅಂಟು ಹಾಕಿ ಮುಚ್ಚಿದ ಫೋನಿಗೂ ಇಲ್ಲಿ ಲೆಕ್ಕ ಒಂದೇ, ತೂಕದ್ದು. ತೂಕವನ್ನು ಕಾಗದದ ಮೇಲೆ ಹುಟ್ಟಿಸುವುದೂ ಸುಲಭ: ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ತಪಾಸಣೆಯಲ್ಲಿ ಕರ್ನಾಟಕವೂ ಸೇರಿ ಮೂರು ರಾಜ್ಯಗಳಲ್ಲಿ ಲಕ್ಷಗಟ್ಟಲೆ ನಕಲಿ ಪ್ಲಾಸ್ಟಿಕ್ ಪ್ರಮಾಣಪತ್ರಗಳು ಸಿಕ್ಕಿಬಿದ್ದವು. ಬೀದಿಯಲ್ಲಿ ನಿಜವಾಗಿ ಸಂಗ್ರಹಿಸುವ ಚಿಂದಿ ಆಯುವವರಿಗೆ ಈ ಹಣದಲ್ಲಿ ಖಾತ್ರಿಯ ಪಾಲು ಇಲ್ಲ. ಈ ಅನ್ಯಾಯ ನಿಯಮದ ರಚನೆಯಲ್ಲೇ ಇದೆ.

2024ರಲ್ಲಿ ಕೇಂದ್ರ ಸರ್ಕಾರ ಇ-ತ್ಯಾಜ್ಯದ ಪ್ರಮಾಣಪತ್ರಕ್ಕೆ ಕನಿಷ್ಠ ದರದ ವ್ಯವಸ್ಥೆ ತಂದಿತು. ವಿಲೇವಾರಿಯ ಖರ್ಚು ವಿನ್ಯಾಸದ ಮೇಜಿನವರೆಗೆ ತಲುಪಬೇಕಾದರೆ ಇಂಥ ದರವೇ ದಾರಿ. ಅದನ್ನು ಪ್ರಶ್ನಿಸಿ ಹಲವು ದೊಡ್ಡ ಕಂಪನಿಗಳು ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದವು.