ರಿಲೇ

ಹಳೆಯ ಫ್ರೆಂಚಿನಲ್ಲಿ ಇದು ಬೇಟೆಯ ಮಾತು: ದಣಿದ ನಾಯಿಗಳ ಬದಲಿಗೆಂದು ದಾರಿಯಲ್ಲಿ ಕಾದಿರಿಸಿದ ಹೊಸ ನಾಯಿಗಳು. ಆಮೇಲೆ ಅಂಚೆ ಕುದುರೆ ಬದಲಿಸುವ ತಾಣಕ್ಕೂ ಇದೇ ಹೆಸರು. 19ನೇ ಶತಮಾನದ ಟೆಲಿಗ್ರಾಫಿನಲ್ಲಿ, ದೂರ ಸಾಗಿ ಸೊರಗಿದ ಸಂಕೇತಕ್ಕೆ ಹೊಸ ಬ್ಯಾಟರಿಯ ಬಲ ಕೊಟ್ಟು ಮುಂದೆ ಕಳಿಸುವ ಸಾಧನ ರಿಲೇ ಆಯಿತು.

ಕಲಘಟಗಿ, ಕುಂದಗೋಳದ ಕಡೆ ತ್ರೀ ಫೇಸ್ ಕರೆಂಟು ನಡುರಾತ್ರಿ ಬಂದರೆ ರೈತ ಎದ್ದು ಹೊಲಕ್ಕೆ ಹೋಗಿ ಬೋರಿನ ಸ್ಟಾರ್ಟರ್ ಒತ್ತಬೇಕು. ಹಾವು-ಹುಳದ ಭಯ ಬೇರೆ. ಆ ನಡಿಗೆ ತಪ್ಪಿಸುವ ಮೊಬೈಲ್ ಸ್ಟಾರ್ಟರಿನೊಳಗೆ ಟಿಕ್ ಎನ್ನುವುದು ಇದೇ ರಿಲೇ. ಆರ್ಡುಯಿನೊ ಎಂಬ ಪುಟ್ಟ ನಿಯಂತ್ರಣ ಬೋರ್ಡಿನಿಂದ ಇಂಥದ್ದನ್ನು ಮನೆಯಲ್ಲೇ ಕಟ್ಟುವವರು ಪಿನ್ನಿಗೆ ನೇರವಾಗಿ ರಿಲೇ ಜೋಡಿಸಬಾರದು. ಅದರ ಊನೊ ಮಾದರಿಯ ಪಿನ್ನಿಗೆ 20 ಮಿಲಿಆಂಪಿಯರ್ ಹಿತ. 5 ವೋಲ್ಟಿನ ರಿಲೇಯ ಸುರುಳಿ ಸುಮಾರು 70 ಬೇಡುತ್ತದೆ. ನಡುವೆ ಟ್ರಾನ್ಸಿಸ್ಟರ್ ಇರಲೇಬೇಕು. ಪಂಪಿನ ಭಾರವನ್ನಂತೂ ದೊಡ್ಡ ಕರೆಂಟು ತಾಳುವ ಸ್ವಿಚ್ಚಾದ ಕಾಂಟ್ಯಾಕ್ಟರಿಗೇ ಬಿಡಬೇಕು.