ಬೆವರಿಗೆ ಬದಲಿ ನೀರೊಂದೇ ಅಲ್ಲ: ವ್ಯಾಯಾಮದಲ್ಲಿ ದ್ರವ–ಲವಣ ಸಮತೋಲನ

ಸಾರಾಂಶ: ಬೆವರಿನೊಂದಿಗೆ ನೀರೂ ಸೋಡಿಯಮ್ಮೂ ನಷ್ಟವಾಗುತ್ತವೆ. ಎಷ್ಟು ಕುಡಿದೆವೆಂಬುದಕ್ಕಿಂತ ಅದರಲ್ಲಿ ಮೈಯಲ್ಲಿ ಉಳಿದದ್ದೆಷ್ಟು ಎಂಬುದೇ ಮುಖ್ಯ; ಆ ಪ್ರಮಾಣವನ್ನು ಅವರವರ ಬೆವರಿನ ಅಳತೆಯಿಂದಲೇ ನಿರ್ಧರಿಸಬೇಕು ಎಂಬುದು ಈ ಲೇಖನದ ವಾದ.

1. ಬೆವರಿನ ಸ್ವರೂಪ
ಬೆವರುಗ್ರಂಥಿಯ ತಳದಲ್ಲಿ ಸ್ರವಿಸುವ ದ್ರವದ ಸೋಡಿಯಂ ಸಾಂದ್ರತೆ ಪ್ಲಾಸ್ಮಾದ ಮಟ್ಟದಲ್ಲೇ ಇರುತ್ತದೆ. ನಾಳದಲ್ಲಿ ಮೇಲೇರುವಾಗ ಅದರ ಹೆಚ್ಚಿನ ಪಾಲು ಮತ್ತೆ ಹೀರಲ್ಪಡುತ್ತದೆ. ಬೆವರು ಧಾರಾಕಾರವಾಗಿ ಸುರಿದಾಗ ಹೀರಿಕೆಗೆ ಅವಕಾಶ ಸಾಲದು. ಸೆಕೆಗೆ ಒಗ್ಗಿದ ದೇಹದಲ್ಲಿ ಆಲ್ಡೊಸ್ಟೆರಾನ್ ಹಾರ್ಮೋನು ಈ ಉಳಿತಾಯವನ್ನು ಹೆಚ್ಚಿಸುತ್ತದೆ. ಆದ್ದರಿಂದ ಒಬ್ಬರ ಒಂದು ಲೀಟರ್ ಬೆವರಿನಲ್ಲಿ 20 ಮಿಲಿಮೋಲ್ ಸೋಡಿಯಂ ಇದ್ದರೆ ಇನ್ನೊಬ್ಬರಲ್ಲಿ 80 ಇರಬಹುದು.

2. ಕುಡಿದದ್ದು ಉಳಿಯುವ ಬಗೆ
ಬರಿ ನೀರನ್ನೇ ಹೆಚ್ಚಾಗಿ ಕುಡಿದರೆ ಪ್ಲಾಸ್ಮಾ ತೆಳುವಾಗುತ್ತದೆ. ಕೊರತೆ ತುಂಬುವ ಮೊದಲೇ ದಾಹ ಅಡಗಿ, ಮೂತ್ರದ ಪ್ರಮಾಣ ಏರುತ್ತದೆ. ಸೂಸನ್ ಶಿರೆಫ್ಸ್ ಮತ್ತು ಸಂಗಡಿಗರು 1996ರಲ್ಲಿ ಲೀಟರಿಗೆ 23 ಮತ್ತು 61 ಮಿಲಿಮೋಲ್ ಸೋಡಿಯಂ ಇದ್ದ ಪಾನೀಯಗಳನ್ನು ಹೋಲಿಸಿದರು. ಮೊದಲನೆಯದನ್ನು ನಷ್ಟದ ಎರಡು ಪಟ್ಟು ಕುಡಿದರೂ ಸಮತೋಲನ ನಿಲ್ಲಲಿಲ್ಲ. ಎರಡನೆಯದಕ್ಕೆ ಒಂದೂವರೆ ಪಟ್ಟು ಸಾಕಾಯಿತು.

3. ಅತಿಸೇವನೆಯ ಅಪಾಯ
2002ರ ಬಾಸ್ಟನ್ ಮ್ಯಾರಥಾನಿನಲ್ಲಿ ರಕ್ತದ ಮಾದರಿ ನೀಡಿದ 488 ಓಟಗಾರರಲ್ಲಿ ಶೇ. 13ರಷ್ಟು ಜನರಿಗೆ ಸೋಡಿಯಂ ಕೊರತೆ ಕಂಡುಬಂತು. ಇದರೊಂದಿಗೆ ಬಲವಾಗಿ ತಳಕು ಹಾಕಿಕೊಂಡಿದ್ದ ಅಂಶ, ಓಟದ ಕೊನೆಗೆ ಹೆಚ್ಚಿದ್ದ ದೇಹತೂಕ. ಕ್ರೀಡಾಪಾನೀಯ ಕುಡಿದವರಿಗೂ ವಿಶೇಷ ರಕ್ಷಣೆ ಸಿಗಲಿಲ್ಲ. ಅಂಥ ಪಾನೀಯದ ಸೋಡಿಯಂ ಸಾಮಾನ್ಯವಾಗಿ ಲೀಟರಿಗೆ 20 ಮಿಲಿಮೋಲ್ ಆಸುಪಾಸು, ಪ್ಲಾಸ್ಮಾದ್ದು 140ರ ಸಮೀಪ. ಮಿತಿಮೀರಿದರೆ ಅದೂ ರಕ್ತವನ್ನು ತೆಳುವಾಗಿಸುತ್ತದೆ.

4. ಅಳತೆಯ ಕ್ರಮ
ಓಟಕ್ಕೆ ಮುನ್ನ 62 ಕಿಲೋ ತೂಗಿದವರು ಅರ್ಧ ಲೀಟರ್ ಕುಡಿದೂ ಕೊನೆಗೆ 60.8 ಕಿಲೋ ತೂಗಿದರೆ, ನಡುವೆ ಮೂತ್ರಕ್ಕೆ ಹೋಗಿಲ್ಲದಿದ್ದಲ್ಲಿ, ಹರಿದ ಬೆವರು ಸುಮಾರು 1.7 ಲೀಟರ್. ಲೀಟರಿಗೆ 50 ಮಿಲಿಮೋಲಿನಂತೆ ಲೆಕ್ಕ ಹಾಕಿದರೆ ಸುಮಾರು 5 ಗ್ರಾಂ ಅಡುಗೆ ಉಪ್ಪು ಹೋದಂತಾಯಿತು. ಉಳಿದ ಕೊರತೆ 1.2 ಲೀಟರ್, ಬೇಗ ಚೇತರಿಸಿಕೊಳ್ಳಬೇಕಿದ್ದರೆ ಉಪ್ಪಿನೊಂದಿಗೆ ಸುಮಾರು 1.8 ಲೀಟರನ್ನು ಕೆಲವು ತಾಸುಗಳಲ್ಲಿ ಸ್ವಲ್ಪಸ್ವಲ್ಪವಾಗಿ ಕುಡಿಯಬೇಕು.

5. ಉಪಸಂಹಾರ
ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ, ಸೋಡಿಯಂ ಕಡಿಮೆ. ಹೆಚ್ಚು ಬೆವರಿದವರಿಗೆ ಅದೊಂದೇ ಸಾಲದು. ಉಪ್ಪು ಹಾಕಿದ ಮಜ್ಜಿಗೆ, ಸಾರು–ಅನ್ನದ ಊಟ ಈ ಕೊರತೆಯನ್ನು ತುಂಬಬಲ್ಲವು. ಆದ್ದರಿಂದ ತರಬೇತುದಾರರು ಓಟಗಾರರಿಗೆ ‘ಆದಷ್ಟೂ ನೀರು ಕುಡಿಯಿರಿ’ ಎಂದು ಹೇಳುವುದನ್ನು ಬಿಟ್ಟು, ಅಭ್ಯಾಸದ ದಿನಗಳಲ್ಲೇ ತೂಕ ನೋಡಿಕೊಳ್ಳುವುದನ್ನು ಕಲಿಸಬೇಕು.