ಮಾನಿಟರಿಂಗ್ ಏಜೆಂಟ್

ಮಾನಿಟರಿಂಗ್ ಏಜೆಂಟ್ ಅಥವಾ ನಿಗಾ ಏಜೆಂಟ್ ಎಂಬುದು ಗಣಕಯಂತ್ರವೊಂದರ ಹಿನ್ನೆಲೆಯಲ್ಲಿ ಸದಾ ನಡೆಯುತ್ತಿದ್ದು, ಅದರ ಪ್ರೊಸೆಸರ್, ಮೆಮೊರಿ, ಡಿಸ್ಕ್, ಜಾಲಸಂಪರ್ಕ ಹಾಗೂ ಸೇವೆಗಳ ಸ್ಥಿತಿಯನ್ನು ಅಳೆದು ಬೇರೆಡೆ ಇರುವ ನಿಗಾ ಸರ್ವರ್‌ಗೆ ತಿಳಿಸುವ ಚಿಕ್ಕ ತಂತ್ರಾಂಶ. ಲಿನಕ್ಸ್ ಸರ್ವರ್‌ಗಳಲ್ಲಿ ಇದನ್ನು ಸಾಮಾನ್ಯವಾಗಿ ಶೆಲ್ ಸ್ಕ್ರಿಪ್ಟ್‌ಗಳ ಮೂಲಕ ಅನುಸ್ಥಾಪಿಸಲಾಗುತ್ತದೆ. ಸ್ಕ್ರಿಪ್ಟ್ ಯಶಸ್ವಿಯಾಗಿ ಮುಗಿದರೂ ಮಾಹಿತಿ ಸರ್ವರನ್ನು ತಲುಪದಿರುವುದು ಈ ಕೆಲಸದಲ್ಲಿ ಪದೇ ಪದೇ ಎದುರಾಗುವ ತೊಡಕು. ಮೌನವಾಗಿರುವ ಏಜೆಂಟ್ ಮತ್ತು ಯಾವ ತೊಂದರೆಯೂ ಇಲ್ಲದ ಯಂತ್ರ, ಎರಡೂ ನಿಗಾ ಫಲಕದಲ್ಲಿ ಒಂದೇ ರೀತಿ ಕಾಣಬಹುದಾದ್ದರಿಂದ ಈ ದೋಷ ಬಹುಕಾಲ ಗಮನಕ್ಕೆ ಬಾರದೆ ಉಳಿಯುತ್ತದೆ.

ಹಿನ್ನೆಲೆ

ಜಾಲದಲ್ಲಿರುವ ಯಂತ್ರಗಳ ಸ್ಥಿತಿಯನ್ನು ದೂರದಿಂದ ಕೇಳಿ ತಿಳಿಯುವ ಎಸ್‌ಎನ್‌ಎಂಪಿ ಎಂಬ ಶಿಷ್ಟಾಚಾರ 1988ರಲ್ಲಿ ರೂಪುಗೊಂಡಿತು. 1999ರಲ್ಲಿ ನೆಟ್‌ಸೇಂಟ್ ಎಂಬ ಹೆಸರಿನಿಂದ ಆರಂಭವಾದ ಮುಕ್ತ ತಂತ್ರಾಂಶ 2002ರಲ್ಲಿ ನಾಗಿಯೋಸ್ ಎಂದು ಮರುನಾಮಕರಣಗೊಂಡಿತು. ಲಾಟ್ವಿಯಾದ ಅಲೆಕ್ಸೈ ವ್ಲಾದಿಶೆವ್ ರೂಪಿಸಿದ ಝಾಬಿಕ್ಸ್ 2001ರಲ್ಲಿ ಸಾರ್ವಜನಿಕ ಬಳಕೆಗೆ ಬಂದಿತು. ಸೌಂಡ್‌ಕ್ಲೌಡ್ ಸಂಸ್ಥೆಯಲ್ಲಿ 2012ರಲ್ಲಿ ಆರಂಭವಾದ ಪ್ರೊಮೀಥಿಯಸ್ ಕ್ಲೌಡ್ ಸರ್ವರ್‌ಗಳ ಕಾಲದಲ್ಲಿ ವ್ಯಾಪಕವಾಯಿತು.

ಕಾರ್ಯವಿಧಾನ

ಲಿನಕ್ಸ್ ಕರ್ನೆಲ್ ತನ್ನ ಆಗುಹೋಗುಗಳನ್ನು 'ಪ್ರೊಕ್' ಎಂಬ ಕಾಲ್ಪನಿಕ ಕಡತಕೋಶದ ಮೂಲಕ ತೆರೆದಿಡುತ್ತದೆ. ಈ ಕಡತಗಳು ಡಿಸ್ಕ್‌ನಲ್ಲಿ ಇರುವುದಿಲ್ಲ; ಓದಿದ ಕ್ಷಣದಲ್ಲಿ ಕರ್ನೆಲ್ ಅವನ್ನು ಸೃಷ್ಟಿಸುತ್ತದೆ. ಕಳೆದ 1, 5 ಮತ್ತು 15 ನಿಮಿಷಗಳ ಸರಾಸರಿ ಹೊರೆ, ಉಳಿದಿರುವ ಮೆಮೊರಿ ಮೊದಲಾದವನ್ನು ಏಜೆಂಟ್ ಇಲ್ಲಿಂದಲೇ ಓದಿಕೊಳ್ಳುತ್ತದೆ.

ಓದಿದ ಅಂಕಿಅಂಶಗಳನ್ನು ಸಾಗಿಸಲು ಎರಡು ಕ್ರಮಗಳಿವೆ. ಒಂದರಲ್ಲಿ ಸರ್ವರ್ ಕೇಳುತ್ತದೆ, ಏಜೆಂಟ್ ಉತ್ತರಿಸುತ್ತದೆ. ಇನ್ನೊಂದರಲ್ಲಿ ಏಜೆಂಟ್ ತಾನೇ ಸರ್ವರನ್ನು ಸಂಪರ್ಕಿಸಿ ಮಾಹಿತಿ ಒಪ್ಪಿಸುತ್ತದೆ. ಝಾಬಿಕ್ಸ್‌ನಲ್ಲಿ ಇವುಗಳಿಗೆ ಕ್ರಮವಾಗಿ ಪ್ಯಾಸಿವ್ ಮತ್ತು ಆಕ್ಟಿವ್ ಎಂದು ಹೆಸರು. ಮೊದಲನೆಯದಕ್ಕೆ ಏಜೆಂಟ್ ಯಂತ್ರದ 10050ನೆಯ ಪೋರ್ಟ್, ಎರಡನೆಯದಕ್ಕೆ ಸರ್ವರ್‌ನ 10051ನೆಯ ಪೋರ್ಟ್ ತೆರೆದಿರಬೇಕು. ಪ್ರೊಮೀಥಿಯಸ್‌ನ ನೋಡ್ ಎಕ್ಸ್‌ಪೋರ್ಟರ್ 9100ನೆಯ ಪೋರ್ಟ್‌ನಲ್ಲಿ ಕೇಳಿಸಿಕೊಳ್ಳುತ್ತದೆ.

ಯಾವ ಕ್ರಮವನ್ನು ಆರಿಸಬೇಕೆಂಬುದು ಯಂತ್ರ ಇರುವ ಜಾಗವನ್ನು ಅವಲಂಬಿಸಿದೆ. ಬೆಂಗಳೂರಿನ ಅವೆನ್ಯೂ ರಸ್ತೆಯ ಸಗಟು ಅಂಗಡಿಯೊಂದರ ಬಿಲ್ಲಿಂಗ್ ಸರ್ವರನ್ನು ಉದಾಹರಣೆಯಾಗಿ ಊಹಿಸಿಕೊಳ್ಳಬಹುದು. ಅದು ಸಾಧಾರಣ ಬ್ರಾಡ್‌ಬ್ಯಾಂಡ್ ರೌಟರ್‌ನ ಹಿಂದಿರುತ್ತದೆ. ಅದರ ವಿಳಾಸ ಅಂಗಡಿಯೊಳಗಷ್ಟೇ ಸಲ್ಲುವ ಖಾಸಗಿ ವಿಳಾಸ. ಹೊರಗಿನ ನಿಗಾ ಸರ್ವರ್ ಆ ವಿಳಾಸವನ್ನು ನೇರವಾಗಿ ತಲುಪಲಾರದು. ಆದರೆ ಒಳಗಿನ ಯಂತ್ರ ಹೊರಗಿನ ಸರ್ವರ್‌ಗೆ ಕರೆ ಮಾಡಲು ಅಡ್ಡಿಯಿಲ್ಲ. ಇಂಥಲ್ಲಿ ಪ್ಯಾಸಿವ್ ಕ್ರಮದಲ್ಲಿ ಹೂಡಿದ ಏಜೆಂಟ್ ದೋಷವಿಲ್ಲದೆ ನಡೆಯುತ್ತಿದ್ದರೂ ಅದನ್ನು ಯಾರೂ ಕೇಳುವುದಿಲ್ಲ. ರಾತ್ರಿ ಡಿಸ್ಕ್ ತುಂಬಿ, ಬೆಳಿಗ್ಗೆ ಅಂಗಡಿ ತೆರೆದಾಗ ಬಿಲ್ ಮುದ್ರಣವಾಗದಿದ್ದಾಗಲೇ ವಿಷಯ ತಿಳಿಯುತ್ತದೆ.

ಅನುಸ್ಥಾಪನಾ ಸ್ಕ್ರಿಪ್ಟ್

ಒಂದೆರಡು ಯಂತ್ರಗಳಿದ್ದರೆ ಆದೇಶಗಳನ್ನು ಕೈಯಿಂದ ಬರೆದರೂ ನಡೆಯುತ್ತದೆ. ಯಂತ್ರಗಳು ಹೆಚ್ಚಾದಂತೆ ಸ್ಕ್ರಿಪ್ಟ್ ಅನಿವಾರ್ಯ. ಅದು ತಂತ್ರಾಂಶದ ಭಂಡಾರವನ್ನು ಸೇರಿಸಿ, ಪ್ಯಾಕೇಜನ್ನು ಇಳಿಸಿ, ಸಂರಚನಾ ಕಡತವನ್ನು ತಿದ್ದಿ, ಸೇವೆಯನ್ನು ಆರಂಭಿಸುತ್ತದೆ. ಎಷ್ಟು ಬಾರಿ ನಡೆಸಿದರೂ ಫಲಿತಾಂಶ ಒಂದೇ ಆಗಿರುವುದು ಒಳ್ಳೆಯ ಸ್ಕ್ರಿಪ್ಟ್‌ನ ಲಕ್ಷಣ. ಈ ಗುಣವಿಲ್ಲದ ಸ್ಕ್ರಿಪ್ಟ್ ಎರಡನೆಯ ಬಾರಿ ನಡೆದಾಗ ಸಂರಚನಾ ಕಡತದ ತುದಿಗೆ ಅದೇ ಸಾಲನ್ನು ಮತ್ತೆ ಸೇರಿಸಿ ಗೊಂದಲ ಉಂಟುಮಾಡುತ್ತದೆ.

ಶೆಲ್‌ನ ಸ್ವಭಾವವೇ ಇಲ್ಲಿ ಮುಖ್ಯ ತೊಂದರೆ. ಒಂದು ಆದೇಶ ವಿಫಲವಾದರೂ ಶೆಲ್ ಮುಂದಿನ ಸಾಲಿಗೆ ಸಾಗುತ್ತದೆ; ಇಡೀ ಸ್ಕ್ರಿಪ್ಟ್‌ನ ಫಲಿತಾಂಶವಾಗಿ ಕೊನೆಯ ಆದೇಶದ ಫಲಿತಾಂಶವನ್ನಷ್ಟೇ ಹೇಳುತ್ತದೆ. ಪೈಪ್‌ನಿಂದ ಜೋಡಿಸಿದ ಆದೇಶಗಳಲ್ಲಿಯೂ ಇದೇ ನಿಯಮ. ಜಾಲದಿಂದ ಸ್ಕ್ರಿಪ್ಟನ್ನು 'ಕರ್ಲ್' ಮೂಲಕ ಇಳಿಸಿ ನೇರವಾಗಿ 'ಬ್ಯಾಶ್'ಗೆ ಹಾಯಿಸುವ ವಾಡಿಕೆಯಿದೆ. ಇಳಿಸುವಿಕೆ ಪೂರ್ತಿ ವಿಫಲವಾದರೆ ಬ್ಯಾಶ್‌ಗೆ ದೊರೆಯುವುದು ಖಾಲಿ ಪಠ್ಯ. ಖಾಲಿ ಪಠ್ಯದಲ್ಲಿ ತಪ್ಪೇನೂ ಇಲ್ಲವಾದ್ದರಿಂದ ಅದು ಯಶಸ್ಸಿನ ಸಂಕೇತವಾದ ಸೊನ್ನೆಯನ್ನು ಮರಳಿಸುತ್ತದೆ. ಹಾಗೆಯೇ, ಪುಟ ಸಿಗಲಿಲ್ಲವೆಂದು ಸರ್ವರ್ ಕಳುಹಿಸುವ ಎಚ್‌ಟಿಎಂಎಲ್ ಪುಟವನ್ನೇ ಕರ್ಲ್ ಪ್ಯಾಕೇಜ್ ಎಂಬ ಹೆಸರಿನಲ್ಲಿ ಉಳಿಸಿಡಬಲ್ಲದು. ಇದನ್ನು ತಡೆಯಲು ಕರ್ಲ್‌ಗೆ 'ಫೇಲ್' ಆಯ್ಕೆಯನ್ನೂ ಸ್ಕ್ರಿಪ್ಟ್‌ನ ಆರಂಭದಲ್ಲಿ 'ಎರ್ರೆಕ್ಸಿಟ್' ಮತ್ತು 'ಪೈಪ್‌ಫೇಲ್' ಆಯ್ಕೆಗಳನ್ನೂ ಬಳಸಲಾಗುತ್ತದೆ.

ದೋಷ ಪತ್ತೆ

ದೋಷವನ್ನು ಯಂತ್ರದ ಒಳಗಿನಿಂದ ಹೊರಕ್ಕೆ ಹುಡುಕುತ್ತಾ ಹೋಗುವುದು ರೂಢಿ. ಸೇವೆ ನಡೆಯುತ್ತಿದೆಯೇ ಎಂಬುದನ್ನು 'ಸಿಸ್ಟಮ್‌ಸಿಟಿಎಲ್' ಆದೇಶವೂ, ನಿಂತಿದ್ದರೆ ಕಾರಣವನ್ನು 'ಜರ್ನಲ್‌ಸಿಟಿಎಲ್' ಆದೇಶವೂ ತಿಳಿಸುತ್ತವೆ. ಸೇವೆಯನ್ನು ಆರಂಭಿಸುವುದು ಮತ್ತು ಯಂತ್ರ ಚಾಲೂ ಆದಾಗಲೆಲ್ಲ ತಾನಾಗಿ ಆರಂಭವಾಗುವಂತೆ ಮಾಡುವುದು ಬೇರೆ ಬೇರೆ ಆದೇಶಗಳು. ಎರಡನೆಯದನ್ನು ಮರೆತ ಸ್ಕ್ರಿಪ್ಟ್‌ನ ದೋಷ ಮೊದಲ ಬಾರಿ ವಿದ್ಯುತ್ ಹೋಗಿ ಬಂದಾಗ ಹೊರಬೀಳುತ್ತದೆ.

ಪ್ಯಾಕೇಜ್ ಇಳಿಯದಿರುವುದಕ್ಕೆ ಕಾರಣಗಳು ಹಲವು. ಆಗಷ್ಟೇ ಚಾಲೂ ಆದ ಉಬುಂಟು ಯಂತ್ರದಲ್ಲಿ ಸ್ವಯಂ ನವೀಕರಣ ಸೇವೆ ಪ್ಯಾಕೇಜ್ ಬೀಗವನ್ನು ಹಿಡಿದಿಟ್ಟುಕೊಂಡಿರಬಹುದು. ಬೀಗದ ಕಡತವನ್ನು ಅಳಿಸದೆ ಸ್ವಲ್ಪ ಹೊತ್ತು ಕಾಯುವುದೇ ಇದಕ್ಕೆ ಸುರಕ್ಷಿತ ಪರಿಹಾರ. ಸೆಂಟ್‌ಓಎಸ್ 7ರ ಬೆಂಬಲ 2024ರ ಜೂನ್ 30ಕ್ಕೆ ಮುಗಿದ ಬಳಿಕ ಅದರ ಹಳೆಯ ಭಂಡಾರ ವಿಳಾಸಗಳನ್ನು ನಂಬಿದ್ದ ಸ್ಕ್ರಿಪ್ಟ್‌ಗಳು ನಿಂತುಹೋದವು. ವಿಂಡೋಸ್‌ನಲ್ಲಿ ತಿದ್ದಿದ ಸ್ಕ್ರಿಪ್ಟ್‌ನ ಪ್ರತಿ ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಹೆಚ್ಚುವರಿ ಅಕ್ಷರವೊಂದು ಉಳಿದು, ಲಿನಕ್ಸ್‌ನಲ್ಲಿ ಮೊದಲ ಸಾಲೇ ನಿರಾಕರಿಸಲ್ಪಡುವುದೂ ಉಂಟು.

ಏಜೆಂಟ್ ನಡೆಯುತ್ತಿದ್ದೂ ಮಾಹಿತಿ ಬಾರದಿದ್ದರೆ ಮೊದಲು ಸಂಶಯಿಸಬೇಕಾದದ್ದು ಹೆಸರನ್ನು. ಝಾಬಿಕ್ಸ್ ಏಜೆಂಟ್‌ನ ಮೂಲ ಸಂರಚನಾ ಕಡತದಲ್ಲಿ ಸರ್ವರ್‌ನ ವಿಳಾಸವೆಂದು ಅದೇ ಯಂತ್ರದ ಆಂತರಿಕ ವಿಳಾಸವೂ, ಯಂತ್ರದ ಹೆಸರೆಂದು 'ಝಾಬಿಕ್ಸ್ ಸರ್ವರ್' ಎಂಬ ಪದಗಳೂ ಇರುತ್ತವೆ. ಸರ್ವರ್ ವಿಳಾಸವನ್ನು ಸರಿಪಡಿಸಿ ಹೆಸರನ್ನು ಹಾಗೆಯೇ ಬಿಟ್ಟರೆ ಆಕ್ಟಿವ್ ಕ್ರಮದಲ್ಲಿ ಹತ್ತು ಯಂತ್ರಗಳ ಅಂಕಿಅಂಶಗಳು ಒಂದೇ ಯಂತ್ರದ ಲೆಕ್ಕಕ್ಕೆ ಸೇರುತ್ತವೆ. ಫಲಕದಲ್ಲಿ ಮಾಹಿತಿ ಬರುತ್ತಲೇ ಇರುವುದರಿಂದ ಇದು ಪೂರ್ಣ ಮೌನಕ್ಕಿಂತಲೂ ಅಪಾಯಕಾರಿ. ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳ ವ್ಯತ್ಯಾಸವೂ ಗಣನೆಗೆ ಬರುತ್ತದೆ.

ಸಂಪರ್ಕದ ತೊಂದರೆಗಳಲ್ಲಿ ದೋಷಸಂದೇಶವನ್ನು ಗಮನವಿಟ್ಟು ಓದಬೇಕಾಗುತ್ತದೆ. ಸಂಪರ್ಕ ನಿರಾಕರಿಸಲಾಗಿದೆ ಎಂಬ ಉತ್ತರ ತಕ್ಷಣ ಬಂದರೆ, ಸಾಮಾನ್ಯವಾಗಿ ಯಂತ್ರ ಸಿಕ್ಕಿದೆ, ಆ ಪೋರ್ಟ್‌ನಲ್ಲಿ ಕೇಳಿಸಿಕೊಳ್ಳುವ ಸೇವೆ ಇಲ್ಲ ಎಂದರ್ಥ. ಬಹಳ ಹೊತ್ತು ಕಾದು ಸಮಯ ಮೀರಿತೆಂಬ ಸಂದೇಶ ಬಂದರೆ ದಾರಿಯಲ್ಲಿರುವ ಫೈರ್‌ವಾಲ್ ಸದ್ದಿಲ್ಲದೆ ಪ್ಯಾಕೆಟ್‌ಗಳನ್ನು ಕೈಬಿಡುತ್ತಿರುವ ಸಾಧ್ಯತೆ ಹೆಚ್ಚು.

ಏಜೆಂಟ್ ಸುರಕ್ಷತೆಯ ಸಲುವಾಗಿ ರೂಟ್ ಅಧಿಕಾರವಿಲ್ಲದ ಪ್ರತ್ಯೇಕ ಬಳಕೆದಾರನ ಹೆಸರಿನಲ್ಲಿ ನಡೆಯುತ್ತದೆ. ಆದ್ದರಿಂದ ಆಡಳಿತಗಾರ ತಾನು ರೂಟ್ ಆಗಿ ಪರೀಕ್ಷಿಸಿದಾಗ ಸರಿಯಾಗಿ ಓದಲಾದ ಕಡತ ಏಜೆಂಟ್‌ಗೆ ಸಿಗದಿರಬಹುದು. ರೆಡ್ ಹ್ಯಾಟ್ ಬಳಗದ ವಿತರಣೆಗಳಲ್ಲಿ ಎಸ್‌ಇಲಿನಕ್ಸ್ ಇನ್ನೊಂದು ಪದರದ ತಡೆ ಒಡ್ಡುತ್ತದೆ. ಎಸ್‌ಇಲಿನಕ್ಸನ್ನೇ ನಿಷ್ಕ್ರಿಯಗೊಳಿಸುವ ಸಲಹೆ ಬಹುಕಾಲದಿಂದ ಚಾಲ್ತಿಯಲ್ಲಿದೆ. ಇದು ಒಂದು ಕೋಣೆಯ ಬಾಗಿಲು ತೆರೆಯಲಿಲ್ಲವೆಂದು ಮನೆಯ ಬಾಗಿಲುಗಳನ್ನೆಲ್ಲ ಕಿತ್ತಂತೆ. ಆಡಿಟ್ ದಾಖಲೆಯಲ್ಲಿ ಯಾವುದಕ್ಕೆ ತಡೆಯಾಗಿದೆಯೆಂದು ನೋಡಿ ಅಷ್ಟಕ್ಕೆ ಮಾತ್ರ ಅನುಮತಿ ಕೊಡಬಹುದು.

ಗಡಿಯಾರ ಮತ್ತು ಭಾಷೆ

ಹಳೆಯ ಯಂತ್ರಗಳಲ್ಲಿ ಮದರ್‌ಬೋರ್ಡ್‌ನ ಪುಟ್ಟ ಬ್ಯಾಟರಿ ಸತ್ತರೆ ಗಡಿಯಾರ ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ. ಆಗ ಸುರಕ್ಷತಾ ಪ್ರಮಾಣಪತ್ರಗಳು ಇನ್ನೂ ಜಾರಿಗೆ ಬಂದಿಲ್ಲವೆಂದು ಯಂತ್ರ ಭಾವಿಸಿ ಭಂಡಾರದ ಸಂಪರ್ಕವನ್ನೇ ತಿರಸ್ಕರಿಸುತ್ತದೆ. ಭಾರತದಲ್ಲಿ ಗಡಿಯಾರದ ಹೊಂದಾಣಿಕೆ ಕಾನೂನಿನ ವಿಷಯವೂ ಹೌದು: ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸಂಸ್ಥೆಗಳು ತಮ್ಮ ಯಂತ್ರಗಳ ಸಮಯವನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಅಥವಾ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಸಮಯ ಸರ್ವರ್‌ಗಳಿಗೆ, ಇಲ್ಲವೇ ಅವುಗಳಿಗೆ ಹೊಂದಿಕೊಂಡ ಸರ್ವರ್‌ಗಳಿಗೆ ಸರಿಹೊಂದಿಸಬೇಕು, ದಾಖಲೆಗಳನ್ನು 180 ದಿನ ಉಳಿಸಬೇಕು.

ಕನ್ನಡದಲ್ಲಿ ಲಿನಕ್ಸ್ ಬಳಸುವವರಿಗೆ ಎದುರಾಗುವ ತೊಡಕೊಂದು ಇಂಗ್ಲಿಷ್ ಕೈಪಿಡಿಗಳಲ್ಲಿ ಅಷ್ಟಾಗಿ ಕಾಣಸಿಗದು. ಯಂತ್ರದ ಲೊಕೇಲ್ ಕನ್ನಡಕ್ಕೆ ಹೊಂದಿಸಲ್ಪಟ್ಟಿದ್ದರೆ 'ಡೇಟ್' ಆದೇಶ ವಾರ ಮತ್ತು ತಿಂಗಳುಗಳ ಹೆಸರನ್ನು ಕನ್ನಡದಲ್ಲಿಯೇ ಮುದ್ರಿಸುತ್ತದೆ. ಬಳಕೆದಾರನಿಗೆ ಇದು ಹಿತವೇ. ಆದರೆ ದಾಖಲೆಯಲ್ಲಿ ಇಂಗ್ಲಿಷ್ ತಿಂಗಳ ಹೆಸರನ್ನು ಹುಡುಕುವ ಸ್ಕ್ರಿಪ್ಟ್‌ಗೆ ಏನೂ ಸಿಗುವುದಿಲ್ಲ, ಅದು ದೋಷವನ್ನೂ ತೋರಿಸದೆ ಸೊನ್ನೆ ಎಂದು ವರದಿ ಮಾಡಬಹುದು. ಸ್ಕ್ರಿಪ್ಟ್‌ನ ಆರಂಭದಲ್ಲಿ 'ಎಲ್‌ಸಿ ಆಲ್' ಎಂಬ ಚರಾಂಶಕ್ಕೆ 'ಸಿ' ಎಂಬ ಮೌಲ್ಯ ಕೊಟ್ಟರೆ ಯಂತ್ರದ ಭಾಷೆ ಯಾವುದಿದ್ದರೂ ಆ ಸ್ಕ್ರಿಪ್ಟ್‌ನ ಮಟ್ಟಿಗೆ ಫಲಿತಾಂಶ ಒಂದೇ ರೂಪದಲ್ಲಿ ಬರುತ್ತದೆ. ದಿನಾಂಕವನ್ನು ಅಂಕಿಗಳಲ್ಲಿಯೇ ಪಡೆಯುವುದು ಇನ್ನೂ ಉತ್ತಮ.

ಮೌನದ ಪತ್ತೆ

ಮಾಹಿತಿ ಬಾರದಿರುವುದನ್ನೇ ಎಚ್ಚರಿಕೆಯಾಗಿ ಪರಿಗಣಿಸುವ ಸೌಲಭ್ಯ ಪ್ರಮುಖ ನಿಗಾ ವ್ಯವಸ್ಥೆಗಳಲ್ಲಿದೆ. ಝಾಬಿಕ್ಸ್‌ನಲ್ಲಿ ನಿಗದಿತ ಅವಧಿಯೊಳಗೆ ಅಂಕಿಅಂಶ ಬಾರದಿದ್ದರೆ ಎಚ್ಚರಿಸುವ 'ನೋಡೇಟಾ' ನಿಯಮವಿದೆ. ಪ್ರೊಮೀಥಿಯಸ್ ಪ್ರತಿ ಗುರಿಯಂತ್ರಕ್ಕೂ 'ಅಪ್' ಎಂಬ ಮೌಲ್ಯವನ್ನು ತಾನೇ ದಾಖಲಿಸುತ್ತದೆ. ಉತ್ತರ ಸಿಗದಾಗ ಅದು ಸೊನ್ನೆಯಾಗುತ್ತದೆ. ಆದರೆ ಇವೆರಡೂ ಸರ್ವರ್‌ಗೆ ಪರಿಚಯವಿರುವ ಯಂತ್ರಗಳಿಗೆ ಮಾತ್ರ ಅನ್ವಯ. ಪಟ್ಟಿಗೆ ಸೇರದ ಯಂತ್ರದ ಮೌನ ಯಾರ ಗಮನಕ್ಕೂ ಬರುವುದಿಲ್ಲ. ಆದ್ದರಿಂದ ಎಚ್ಚರಿಕೆಯಿಂದ ಬರೆದ ಸ್ಕ್ರಿಪ್ಟ್‌ಗಳು ಸೇವೆಯನ್ನು ಆರಂಭಿಸಿದಲ್ಲಿಗೆ ನಿಲ್ಲದೆ, ಈ ಯಂತ್ರದ ಹೊಸ ಅಂಕಿಅಂಶ ಬಂದಿದೆಯೇ ಎಂದು ನಿಗಾ ಸರ್ವರನ್ನೇ ಕೇಳಿ, ಇಲ್ಲವಾದರೆ ವಿಫಲವೆಂದು ಘೋಷಿಸುತ್ತವೆ.

ಬೆಂಗಳೂರಿನಲ್ಲಿ

1990ರ ದಶಕದಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆಯೊಂದಿಗೆ ಬರುತ್ತಿದ್ದ ಸಿಡಿಗಳು ಭಾರತದಲ್ಲಿ ಅನೇಕರಿಗೆ ಲಿನಕ್ಸನ್ನು ಪರಿಚಯಿಸಿದವು. ಈ ಪ್ರಯತ್ನದಲ್ಲಿ ಮುಖ್ಯ ಪಾತ್ರ ವಹಿಸಿದ ಅತುಲ್ ಚಿಟ್ನಿಸ್ ಬೆಂಗಳೂರಿನಲ್ಲಿ 2001ರಿಂದ ನಡೆದ ಲಿನಕ್ಸ್ ಬೆಂಗಳೂರು ಸಮ್ಮೇಳನದ ಸಂಘಟಕರಲ್ಲಿಯೂ ಪ್ರಮುಖರು. 2005ರಲ್ಲಿ ಈ ಸಮ್ಮೇಳನ ಫಾಸ್ ಡಾಟ್ ಇನ್ ಎಂಬ ಹೆಸರು ಪಡೆಯಿತು. ಮೈಸೂರು ಬ್ಯಾಂಕ್ ವೃತ್ತದಿಂದ ಸಿಟಿ ಮಾರುಕಟ್ಟೆಯ ಕಡೆಗೆ ಸಾಗುವ, ಹಿಂದೆ ದೊಡ್ಡಪೇಟೆ ಎನಿಸಿಕೊಂಡಿದ್ದ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕಡಿಮೆ ಬೆಲೆಯಲ್ಲಿ ಗಣಕ ಪುಸ್ತಕಗಳನ್ನು ಒದಗಿಸುತ್ತ ಬಂದಿವೆ. ಸಮೀಪದ ಎಸ್.ಪಿ. ರಸ್ತೆಯಲ್ಲಿ ಹಳೆಯ ಗಣಕಗಳೂ ಬಿಡಿಭಾಗಗಳೂ ಮೇಲೆ ಹೇಳಿದ ಗಡಿಯಾರದ ಬ್ಯಾಟರಿಯೂ ದೊರೆಯುತ್ತವೆ. ಎರಡು ಹಳೆಯ ಯಂತ್ರಗಳಿದ್ದರೆ ಒಂದನ್ನು ನಿಗಾ ಸರ್ವರ್ ಆಗಿಯೂ ಇನ್ನೊಂದನ್ನು ಏಜೆಂಟ್ ಯಂತ್ರವಾಗಿಯೂ ಹೂಡಿ, ಇಲ್ಲಿ ವಿವರಿಸಿದ ದೋಷಗಳಲ್ಲಿ ಬಹುಪಾಲನ್ನು ಮನೆಯಲ್ಲಿಯೇ ಉಂಟುಮಾಡಿ ನೋಡಬಹುದು.